ಆಳದ ಅಂಕಿ ನೋಡಿ ದುಡ್ಡು ಕೊಡಬೇಡಿ
ಸೆಕೆಂಡ್ ಹ್ಯಾಂಡ್ ಡೈವಿಂಗ್ ವಾಚು: ತಪ್ಪು ಕಲ್ಪನೆ ಮತ್ತು ಸತ್ಯ

ಬಳ್ಳಾರಿ ಸೀಮೆಗೆ ಕಡಲಿಲ್ಲ. ಕಾರವಾರದ ದಂಡೆ ಮುನ್ನೂರು ಕಿಲೋಮೀಟರಿಗೂ ಆಚೆ. ನಮ್ಮ ಪಾಲಿನ ದೊಡ್ಡ ನೀರೆಂದರೆ ತುಂಗಭದ್ರೆ. ಹೊಸಪೇಟೆ ಬಳಿ ಅದಕ್ಕೆ ಕಟ್ಟಿದ ಅಣೆಕಟ್ಟಿನ ಎತ್ತರ ಹೆಚ್ಚುಕಡಿಮೆ 49 ಮೀಟರ್. ಆದರೂ ಸಾವಿರಾರು ಮೀಟರ್ ಆಳಕ್ಕೆಂದೇ ಮಾಡಿದ ಸ್ವಿಸ್ ವಾಚುಗಳಿಗೆ ಆಸೆಪಡುವವರು ಇಲ್ಲೂ ಇದ್ದಾರೆ. ಅದಿರು, ಉಕ್ಕು, ಜೀನ್ಸಿನ ಬಳ್ಳಾರಿಯಲ್ಲಿರಲಿ, ಅಕ್ಕಿ ಗಿರಣಿಗಳ ಸಿರುಗುಪ್ಪದಲ್ಲಿರಲಿ, ದೊಡ್ಡಬಸವೇಶ್ವರನ ಕುರುಗೋಡಿನಲ್ಲಿರಲಿ, ಮದುವೆಯಲ್ಲಿ ಅಳಿಯನ ಕೈಗೆ ವಾಚು ಕಟ್ಟುವ ವಾಡಿಕೆ ಹಳೆಯದು. ಹೊಸದರ ಬೆಲೆ ಹಲವು ಲಕ್ಷ ದಾಟಿದಾಗ ಕಣ್ಣು ಸಹಜವಾಗಿ ಸೆಕೆಂಡ್ ಹ್ಯಾಂಡ್ ಕಡೆ ಹೊರಳುತ್ತದೆ. ಆಗ ಕಿವಿಗೆ ಬೀಳುವ ಮಾತುಗಳಲ್ಲಿ ಯಾವುದು ನಿಜ, ಯಾವುದು ಅಲ್ಲ ಎಂಬುದು ಇಲ್ಲಿದೆ.

ತಪ್ಪು ಕಲ್ಪನೆ: ಡಯಲ್ ಮೇಲೆ 300 ಮೀಟರ್ ಎಂದಿದೆ, ಇದರೊಳಗೆ ನೀರು ಹೋಗುವ ಮಾತೇ ಇಲ್ಲ.

ಸತ್ಯ: ಆ ಅಂಕಿ ವಾಚು ಕಾರ್ಖಾನೆಯಿಂದ ಹೊರಬಿದ್ದ ದಿನದ್ದು. ಡೈವಿಂಗ್ ವಾಚುಗಳಿಗೆ ಐಎಸ್‌ಒ 6425 ಎಂಬ ಅಂತರರಾಷ್ಟ್ರೀಯ ಮಾನದಂಡವಿದೆ. ಅದರ ಪ್ರಕಾರ ಕನಿಷ್ಠ 100 ಮೀಟರ್ ಆಳ ತಡೆಯಬೇಕು; ಬರೆದ ಆಳಕ್ಕಿಂತ ಕಾಲುಭಾಗ ಹೆಚ್ಚಿನ ಒತ್ತಡದಲ್ಲಿ ಪರೀಕ್ಷೆ ಮಾಡಬೇಕು. ಆದರೆ ಅಷ್ಟು ದಪ್ಪ ಉಕ್ಕಿನೊಳಗೆ ನೀರನ್ನು ನಿಜವಾಗಿ ತಡೆಯುವುದು ಕೆಲವು ತೆಳು ರಬ್ಬರ್ ವಾಷರ್‌ಗಳು. ಹಿಂದಿನ ಮುಚ್ಚಳದ ಕೆಳಗೊಂದು, ಕೀ ಗುಂಡಿಯ ಒಳಗೆ ಒಂದೆರಡು, ಗಾಜಿನ ಸುತ್ತ ಒಂದು. ಕುಕ್ಕರಿನ ಗ್ಯಾಸ್ಕೆಟ್ ಹೇಗೆ ವರ್ಷ ಕಳೆದಂತೆ ಪೆಡಸಾಗಿ ಹಬೆ ಬಿಡುತ್ತದೆಯೋ, ಇವೂ ಹಾಗೆಯೇ. ಬಿಸಿನೀರಿನ ಸ್ನಾನ, ಸೋಪು, ಈಜುಕೊಳದ ಕ್ಲೋರಿನ್, ಬೆವರು ಈ ವಾಷರ್‌ಗಳ ಆಯಸ್ಸನ್ನು ಇನ್ನಷ್ಟು ಕಡಿಮೆ ಮಾಡುತ್ತವೆ. ನಲವತ್ತು ಡಿಗ್ರಿ ದಾಟುವ ಬಳ್ಳಾರಿಯ ಬೇಸಿಗೆಯಲ್ಲಿ ಬೆವರಿಗೇನೂ ಬರವಿಲ್ಲ.

ಹಾಗಾಗಿ 15 ವರ್ಷ ಹಳೆಯ, ವಾಷರ್ ಬದಲಿಸದ 300 ಮೀಟರಿನ ವಾಚು ಕೈ ತೊಳೆಯುವಾಗಲೇ ನೀರು ಕುಡಿಯಬಹುದು. ಪರಿಹಾರ ಸುಲಭ: ಒತ್ತಡ ಪರೀಕ್ಷೆ. ವಾಚನ್ನು ಬಿಚ್ಚದೆ, ನೀರಿಗೂ ಹಾಕದೆ, ಗಾಳಿಯ ಒತ್ತಡದಲ್ಲಿಟ್ಟು ಅದರ ಮೈ ಎಷ್ಟು ಬಾಗುತ್ತದೆಂದು ಯಂತ್ರ ಅಳೆಯುತ್ತದೆ. ಕೆಲವೇ ನಿಮಿಷದ ಕೆಲಸ. ದುಡ್ಡು ಕೊಡುವ ಮುಂಚೆ ಇದರ ಫಲಿತಾಂಶ ಕೇಳಿ. ಕೊಂಡ ಮೇಲೂ ಕೀ ಗುಂಡಿಯನ್ನು ಪೂರ್ತಿ ತಿರುಗಿಸಿ ಬಿಗಿ ಮಾಡುವುದನ್ನು ಮರೆಯಬೇಡಿ. ಅದು ಸಡಿಲವಾಗಿದ್ದರೆ ಎಷ್ಟು ಸಾವಿರ ಮೀಟರಿನ ವಾಚಾದರೂ ಒಂದೇ.

ತಪ್ಪು ಕಲ್ಪನೆ: ನೀರಲ್ಲಿ ಕೈ ಬೀಸಿದರೆ ಒತ್ತಡ ಹತ್ತಾರು ಪಟ್ಟು ಏರುತ್ತದೆ, 100 ಮೀಟರಿನ ವಾಚು ಈಜಿಗೂ ಸಾಲದು.

ಸತ್ಯ: ಇದು ವಾಚು ಮಾರುವವರೂ ನಂಬಿರುವ ಮಾತು. ಭೌತಶಾಸ್ತ್ರದ ಲೆಕ್ಕ ಬೇರೆ. ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ನೀರಿಗೆ ಕೈ ಬೀಸಿದರೆ ಹೆಚ್ಚಾಗುವ ಒತ್ತಡ ಸುಮಾರು ಒಂದೂಕಾಲು ಮೀಟರ್ ಆಳಕ್ಕೆ ಸಮ, ಅಷ್ಟೇ. ಸೀಲ್ ಸರಿಯಿರುವ 100 ಮೀಟರಿನ ವಾಚು ಕಟ್ಟಿಕೊಂಡು ಸಿರುಗುಪ್ಪದ ಕಾಲುವೆಯಲ್ಲಿ ಈಜಿದರೂ, ಕುರುಗೋಡಿನ ತೋಟದ ಬಾವಿಗೆ ಹಾರಿದರೂ ಅದಕ್ಕೇನೂ ಆಗದು.

ತಪ್ಪು ಕಲ್ಪನೆ: ಆಳ ಹೆಚ್ಚಿದ್ದಷ್ಟೂ ವಾಚು ಮೇಲು, ಹೀಲಿಯಂ ವಾಲ್ವ್ ಇದ್ದರಂತೂ ಕೇಳುವುದೇ ಬೇಡ.

ಸತ್ಯ: ಹವ್ಯಾಸಕ್ಕೆ ಸ್ಕೂಬಾ ಮಾಡುವವರಿಗೆ, ಒಳ್ಳೆಯ ತರಬೇತಿ ಇದ್ದರೂ, 40 ಮೀಟರ್ ಮಿತಿ. ಮುರುಡೇಶ್ವರದ ಬಳಿಯ ನೇತ್ರಾಣಿ ದ್ವೀಪದಲ್ಲಿ ಮುಳುಗುವ ನಮ್ಮವರು ಹೋಗುವುದು ಅದಕ್ಕಿಂತ ಬಹಳ ಕಡಿಮೆ ಆಳಕ್ಕೆ. ಸ್ಕೂಬಾ ಉಡುಪಿನಲ್ಲಿ ಮನುಷ್ಯ ಇಳಿದ ದಾಖಲೆಯೇ 332 ಮೀಟರ್. 2014ರಲ್ಲಿ ಈಜಿಪ್ಟಿನ ಅಹ್ಮದ್ ಗಬ್ರ್ ಮಾಡಿದ್ದು. 3,900 ಮೀಟರಿನ ರೋಲೆಕ್ಸ್ ಡೀಪ್‌ಸೀ ಆಗಲಿ, 6,000 ಮೀಟರಿನ ಒಮೆಗಾ ಅಲ್ಟ್ರಾ ಡೀಪ್ ಆಗಲಿ ತಂತ್ರಜ್ಞಾನದ ಸಾಹಸಗಳು ನಿಜ. 1960ರ ಜನವರಿ 23ರಂದು ಟ್ರಿಯೆಸ್ಟ್ ಜಲನೌಕೆಯ ಹೊರಮೈಗೆ ಕಟ್ಟಿದ್ದ ರೋಲೆಕ್ಸ್, ಮರಿಯಾನಾ ಕಂದಕದ ತಳ ಮುಟ್ಟಿ ನಡೆಯುತ್ತಲೇ ಮೇಲೆ ಬಂದಿತ್ತು. ಆದರೆ ಆ ಆಳಕ್ಕೆ ಬೇಕಾದ ದಪ್ಪವನ್ನು ನಿಮ್ಮ ಮಣಿಕಟ್ಟು ದಿನವೂ ಹೊರಬೇಕು. 2008ರ ಡೀಪ್‌ಸೀ ವಾಚಿನ ದಪ್ಪ ಒಂದೂಮುಕ್ಕಾಲು ಸೆಂಟಿಮೀಟರ್. ಅಂಗಿಯ ತೋಳಿನ ಗುಂಡಿ ಹಾಕುವುದೂ ಕಷ್ಟ.

ಹೀಲಿಯಂ ವಾಲ್ವ್ ವಿಷಯವೂ ಅಷ್ಟೇ. ಕಡಲ ತಳದ ತೈಲಬಾವಿಗಳಲ್ಲಿ ಕೆಲಸ ಮಾಡುವ ಮುಳುಗುಗಾರರು ಹೀಲಿಯಂ ಬೆರೆತ ಗಾಳಿ ತುಂಬಿದ ಒತ್ತಡದ ಕೋಣೆಯಲ್ಲಿ ದಿನಗಟ್ಟಲೆ ಇರುತ್ತಾರೆ. ಅತಿ ಸಣ್ಣ ಹೀಲಿಯಂ ಕಣಗಳು ವಾಷರ್ ದಾಟಿ ವಾಚಿನ ಒಳಸೇರುತ್ತವೆ. ಕೋಣೆಯ ಒತ್ತಡ ಇಳಿಸುವಾಗ ಒಳಗಿನ ಅನಿಲ ಗಾಜನ್ನೇ ಚಿಮ್ಮಿಸಬಹುದು. ಅದನ್ನು ಹೊರಬಿಡಲು ಈ ವಾಲ್ವ್. ನೀರಿನಲ್ಲಿ ಅದರಿಂದ ಯಾವ ಪ್ರಯೋಜನವೂ ಇಲ್ಲ. ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೆ ಅದು ವಾಚಿನ ಮೈಯಲ್ಲಿ ಇನ್ನೊಂದು ತೂತು, ಬದಲಿಸಬೇಕಾದ ಇನ್ನೊಂದು ವಾಷರ್.

ತಪ್ಪು ಕಲ್ಪನೆ: ಹೆಸರಲ್ಲಿ ‘ಸೀ’ ಇದ್ದರೆ ಅದು ಡೈವಿಂಗ್ ವಾಚು.

ಸತ್ಯ: ನಮ್ಮಲ್ಲಿ ಎಷ್ಟೋ ಮನೆಗಳ ಬೀರುವಿನಲ್ಲಿ ಅಜ್ಜನ ಕಾಲದ ಫೇವರ್ ಲ್ಯೂಬಾ ಸಿಗುತ್ತದೆ. ಭಾರತದ ಮಾರುಕಟ್ಟೆಗೆ ಹತ್ತೊಂಬತ್ತನೇ ಶತಮಾನದಲ್ಲೇ ಬಂದ ಸ್ವಿಸ್ ಕಂಪನಿ ಅದು. 2011ರಲ್ಲಿ ಟೈಟಾನ್ ಅದನ್ನು ಕೊಂಡಿತ್ತು. ಅದರ ‘ಡೀಪ್ ಬ್ಲೂ’ ಮತ್ತು ಆಳವನ್ನೇ ಅಳೆದು ತೋರಿಸುತ್ತಿದ್ದ ‘ಬ್ಯಾಥಿ’ 1960ರ ದಶಕದ ನಿಜವಾದ ಡೈವಿಂಗ್ ವಾಚುಗಳು. ಆದರೆ ನಮ್ಮ ಮನೆಗಳಲ್ಲಿ ಹೆಚ್ಚಾಗಿ ಇರುವ ‘ಸೀ ಚೀಫ್’, ‘ಸೀ ಕಿಂಗ್’ ಕೀ ಕೊಡುವ ಸಾದಾ ವಾಚುಗಳು. ಅವನ್ನು ಇಂದು ನೀರಿನಿಂದ ದೂರವಿಡುವುದೇ ಕ್ಷೇಮ. ಹೊಸ ಬಣ್ಣ ಬಳಿದ ಡಯಲ್, ಬೇರೆ ಬೇರೆ ವಾಚುಗಳಿಂದ ಕೂಡಿಸಿದ ಮೆಷಿನ್ ಹಾಕಿ ‘ಅಪರೂಪದ ಹಳೆ ಸ್ವಿಸ್’ ಎಂದು ಮಾರುವುದು ಈ ಹೆಸರುಗಳಲ್ಲೇ ಹೆಚ್ಚು. ಅರವತ್ತು ವರ್ಷದ ವಾಚಿಗೆ ಕಡು ಕೆಂಪು ಅಥವಾ ಗಿಳಿಹಸಿರು ಡಯಲ್ ಇದ್ದು, ಒಂದು ಗೀರೂ ಇಲ್ಲದಿದ್ದರೆ ಅನುಮಾನಿಸಿ.

ತಪ್ಪು ಕಲ್ಪನೆ: ಸೆಕೆಂಡಿನ ಮುಳ್ಳು ನುಣ್ಣಗೆ ಸರಿದರೆ, ಕೈಗೆ ಭಾರವೆನಿಸಿದರೆ ಅಸಲಿ.

ಸತ್ಯ: ಒಂದು ಕಾಲಕ್ಕೆ ನಕಲಿ ವಾಚುಗಳಲ್ಲಿ ಅಗ್ಗದ ಬ್ಯಾಟರಿ ಮೆಷಿನ್ ಇರುತ್ತಿತ್ತು, ಮುಳ್ಳು ಸೆಕೆಂಡಿಗೊಮ್ಮೆ ಜಿಗಿಯುತ್ತಿತ್ತು. ಈಗ ನಕಲಿಗಳಲ್ಲೂ ಆಟೋಮ್ಯಾಟಿಕ್ ಮೆಷಿನ್, ನೀಲಮಣಿ ಗಾಜು, ಒಳ್ಳೆಯ ಉಕ್ಕು ಇರುತ್ತವೆ. ಅಸಲಿಯ ಮುಳ್ಳೂ ಸೆಕೆಂಡಿಗೆ ಹಲವು ಸಣ್ಣ ಹೆಜ್ಜೆ ಇಡುತ್ತದೆ, ನಕಲಿಯದೂ ಇಡುತ್ತದೆ. ಹಿಂದಿನ ಮುಚ್ಚಳ ತೆಗೆದು ಮೆಷಿನ್ ನೋಡಿ, ಸೀರಿಯಲ್ ನಂಬರನ್ನು ಮಾಡೆಲ್ ಜೊತೆ ಹೊಂದಿಸಿ ಹೇಳಬಲ್ಲವರು ಆ ಬ್ರ್ಯಾಂಡ್ ಬಲ್ಲ ರಿಪೇರಿಗಾರರು ಮಾತ್ರ. ಅಂಗೈ ಮೇಲಿಟ್ಟು ತೂಗಿ ತೀರ್ಮಾನಿಸುವುದು ಜೂಜು.

ತಪ್ಪು ಕಲ್ಪನೆ: ಹಳೆಯ ವಾಚಾದರೂ ಕತ್ತಲಲ್ಲಿ ಜೋರಾಗಿ ಹೊಳೆಯಬೇಕು, ಮೈ ಕನ್ನಡಿಯಂತಿರಬೇಕು.

ಸತ್ಯ: ಎರಡೂ ತಿರುಗುಮುರುಗು. 1960ರ ದಶಕದವರೆಗೆ ಡಯಲ್‌ಗೆ ರೇಡಿಯಂ ಹಚ್ಚುತ್ತಿದ್ದರು. ಆಮೇಲೆ 1990ರ ದಶಕದವರೆಗೆ ಟ್ರಿಟಿಯಂ. ಈಗ ಬೆಳಕು ಕುಡಿದು ಹೊಳೆಯುವ, ವಿಕಿರಣವಿಲ್ಲದ ಬಣ್ಣ. ಟ್ರಿಟಿಯಂನ ಶಕ್ತಿ ಸುಮಾರು 12 ವರ್ಷಕ್ಕೊಮ್ಮೆ ಅರ್ಧಕ್ಕಿಳಿಯುತ್ತದೆ. ಹಾಗಿರುವಾಗ 1980ರ ದಶಕದ ವಾಚು ಇಂದು ಕತ್ತಲಲ್ಲಿ ಪ್ರಖರವಾಗಿ ಹೊಳೆದರೆ, ಡಯಲ್ ಅಥವಾ ಮುಳ್ಳನ್ನು ಯಾರೋ ಬದಲಿಸಿದ್ದಾರೆ ಎಂದೇ ಅರ್ಥ. ಮೈ ಪಾಲಿಶ್ ಮಾಡಿದಾಗಲೂ ಉಕ್ಕು ಸವೆದು ಚೂಪು ಅಂಚುಗಳು ಗುಂಡಗಾಗುತ್ತವೆ. ಗೀರುಗಳಿರುವ ಮೂಲ ಮೈಗೇ ಸಂಗ್ರಹಕಾರರು ಹೆಚ್ಚು ಬೆಲೆ ಕೊಡುತ್ತಾರೆ.

ಗಾಜಿನ ಸುತ್ತ ತಿರುಗುವ ಬಳೆಯನ್ನು ಮಾತ್ರ ಮರೆಯದೆ ತಿರುಗಿಸಿ ನೋಡಿ. ಹೊಸ ಕಾಲದ ಡೈವಿಂಗ್ ವಾಚಿನಲ್ಲಿ ಅದು ಎಡಕ್ಕೆ ಮಾತ್ರ ತಿರುಗಬೇಕು. ಆಕಸ್ಮಿಕವಾಗಿ ತಗುಲಿ ಸರಿದರೂ ಮುಳುಗಿದ ಹೊತ್ತು ಹೆಚ್ಚಾಗಿಯೇ ಕಾಣುತ್ತದೆ, ಮುಳುಗಿದವನು ಬೇಗ ಮೇಲೆ ಬರುತ್ತಾನೆ. ಜೀವ ಉಳಿಸುವ ಉಪಾಯವದು. ಅದಿರಿನ ಕೆಂಪು ದೂಳು, ಗಿರಣಿಯ ತೌಡಿನ ಪುಡಿ ಅದರಡಿ ಸೇರಿ ಬಿಗಿಯಾಗಿದ್ದರೆ ಶುಚಿ ಮಾಡಿಸಿದರೆ ಸರಿಹೋಗುತ್ತದೆ. ಎರಡೂ ಕಡೆ ತಿರುಗಿದರೆ ಕಾರಣ ಕೇಳಿ.

ತಪ್ಪು ಕಲ್ಪನೆ: ಡಬ್ಬಿ, ವಾರಂಟಿ ಕಾರ್ಡ್ ಇದ್ದರೆ ಸಾಕು. ಹಳೆ ವಾಚಿಗೆ ಬಿಲ್ ಯಾರು ಕೇಳುತ್ತಾರೆ?

ಸತ್ಯ: ಡಬ್ಬಿ ಪ್ರತ್ಯೇಕವಾಗಿ ಮಾರಾಟಕ್ಕೆ ಸಿಗುತ್ತದೆ, ಕಾರ್ಡ್‌ಗಳ ನಕಲೂ ಇದೆ. ಬಿಲ್ ಕೇಳುವವರು ಯಾರು ಎಂಬುದಕ್ಕೆ ನಮ್ಮ ರಾಜ್ಯವೇ ಉತ್ತರ ಕೊಟ್ಟಿದೆ. 2016ರಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ಕಟ್ಟಿದ್ದ ಹ್ಯೂಬ್ಲೋ ವಾಚು ಎಲ್ಲಿಂದ ಬಂತು, ಬೆಲೆ ಎಷ್ಟು ಎಂದು ವಿರೋಧ ಪಕ್ಷಗಳು ಪಟ್ಟು ಹಿಡಿದವು. ದುಬೈಯಲ್ಲಿರುವ ವೈದ್ಯ ಸ್ನೇಹಿತರ ಉಡುಗೊರೆ ಎಂದ ಅವರು ಕೊನೆಗೆ ಅದನ್ನು ವಿಧಾನಸಭಾಧ್ಯಕ್ಷರಿಗೆ ಒಪ್ಪಿಸಿದರು. ವಾಚು ಸರ್ಕಾರದ ಆಸ್ತಿಯಾಯಿತು.

ಸಾಮಾನ್ಯರಿಗೂ ಕಾನೂನು ಸಡಿಲವಾಗಿಲ್ಲ. 1962ರ ಕಸ್ಟಮ್ಸ್ ಕಾಯಿದೆಯ 123ನೇ ಸೆಕ್ಷನ್ ಬಂಗಾರದ ಜೊತೆಗೆ ವಾಚುಗಳನ್ನೂ ಹೆಸರಿಸುತ್ತದೆ. ಕಳ್ಳಸಾಗಣೆಯ ಮಾಲೆಂದು ನಂಬಲು ಕಾರಣವಿದ್ದು ಅಧಿಕಾರಿ ವಶಪಡಿಸಿಕೊಂಡರೆ, ಅದು ಹಾಗಲ್ಲವೆಂದು ರುಜುವಾತು ಮಾಡುವ ಹೊಣೆ ವಾಚು ಯಾರ ಕೈಯಲ್ಲಿತ್ತೋ ಅವರದು. ‘ದುಬೈಯಿಂದ ಪರಿಚಯದವರು ತಂದದ್ದು, ಅದಕ್ಕೇ ಅಗ್ಗ’ ಎಂದರೆ, ವಿಮಾನ ನಿಲ್ದಾಣದಲ್ಲಿ ಸುಂಕ ಕಟ್ಟಿದ ರಸೀದಿ ತೋರಿಸಿ ಎನ್ನಿ. ಕದ್ದ ಮಾಲನ್ನು ದುಡ್ಡು ಕೊಟ್ಟು ಕೊಂಡ ಮಾತ್ರಕ್ಕೆ ಅದು ನಿಮ್ಮದಾಗುವುದೂ ಇಲ್ಲ. ಗೊತ್ತಿದ್ದೂ ಕೊಂಡರೆ ಭಾರತೀಯ ನ್ಯಾಯ ಸಂಹಿತೆಯ 317ನೇ ಸೆಕ್ಷನ್ ಇದೆ.

ಭತ್ತದ ದುಡ್ಡಿರಲಿ, ಜೀನ್ಸಿನ ದುಡ್ಡಿರಲಿ, ನಗದಿನ ಕಂತೆ ಎಣಿಸಿ ವ್ಯವಹಾರ ಮುಗಿಸುವುದು ಇಲ್ಲಿ ರೂಢಿ. ಆದರೆ ಆದಾಯ ತೆರಿಗೆ ಕಾನೂನಿನಂತೆ ಒಬ್ಬರಿಂದ ಒಂದು ದಿನ ಅಥವಾ ಒಂದೇ ವ್ಯವಹಾರಕ್ಕೆ 2 ಲಕ್ಷ ರೂಪಾಯಿ ಅಥವಾ ಹೆಚ್ಚು ನಗದು ಪಡೆಯುವಂತಿಲ್ಲ. ಪಡೆದವರಿಗೆ ಅಷ್ಟೇ ಮೊತ್ತದ ದಂಡ. 2025ರ ಏಪ್ರಿಲ್ 22ರಿಂದ 10 ಲಕ್ಷ ಮೀರಿದ ಕೈಗಡಿಯಾರಕ್ಕೆ ಅಂಗಡಿಯವರು ಶೇ 1ರಷ್ಟು ತೆರಿಗೆಯನ್ನು ಮೊದಲೇ ವಸೂಲು ಮಾಡಬೇಕು. ಆ ಮೊತ್ತವನ್ನು ನಿಮ್ಮ ರಿಟರ್ನ್ಸ್‌ನಲ್ಲಿ ಹೊಂದಿಸಿಕೊಳ್ಳಬಹುದು. ಬಿಲ್ ಬೇಡವೆಂದರೆ ಉಳಿತಾಯ ಮಾರುವವನಿಗೆ, ಅಪಾಯ ನಿಮಗೆ.

ತಪ್ಪು ಕಲ್ಪನೆ: ಇಂಥ ವಾಚು ಬಂಗಾರವಿದ್ದಂತೆ, ಬೆಲೆ ಇಳಿಯುವುದೇ ಇಲ್ಲ.

ಸತ್ಯ: ಕೆಲವೇ ಉಕ್ಕಿನ ಮಾಡೆಲ್‌ಗಳು ಅಂಗಡಿ ಬೆಲೆಗಿಂತ ಹೆಚ್ಚಿಗೆ ಮಾರಾಟವಾಗುತ್ತವೆ. ಉಳಿದವು ಅಂಗಡಿ ಬಿಟ್ಟ ಕೂಡಲೇ ಬೆಲೆ ಕಳೆದುಕೊಳ್ಳುತ್ತವೆ. ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೆ ಲಾಭವಿರುವುದೇ ಅಲ್ಲಿ. 2022ರ ಆರಂಭದಲ್ಲಿ ಜಗತ್ತಿನಾದ್ಯಂತ ತುದಿಗೇರಿದ ಹಳೆ ವಾಚುಗಳ ಬೆಲೆ ಅದೇ ವರ್ಷ ಕುಸಿಯತೊಡಗಿತು. ಇನ್ನೊಂದು ಬೆಳವಣಿಗೆಯೂ ಇದೆ. ಸ್ವಿಟ್ಜರ್ಲೆಂಡ್ ಸೇರಿದ ನಾಲ್ಕು ದೇಶಗಳ ಜೊತೆ ಭಾರತ ಮಾಡಿಕೊಂಡ ವ್ಯಾಪಾರ ಒಪ್ಪಂದ 2025ರ ಅಕ್ಟೋಬರ್ 1ರಿಂದ ಜಾರಿಯಲ್ಲಿದ್ದು, ಸ್ವಿಸ್ ವಾಚುಗಳ ಆಮದು ಸುಂಕ ಏಳು ವರ್ಷಗಳಲ್ಲಿ ಹಂತಹಂತವಾಗಿ ಇಲ್ಲವಾಗಲಿದೆ. ಹೊಸದು ಅಗ್ಗವಾದರೆ ಹಳೆಯದೂ ಇಳಿಯಬೇಕು. ಬಂಗಾರವನ್ನು ಬಳ್ಳಾರಿಯ ಯಾವ ಸರಾಫರ ಅಂಗಡಿಯಲ್ಲೂ ಸಂಜೆಯೊಳಗೆ ದುಡ್ಡು ಮಾಡಬಹುದು. ವಾಚಿಗೆ ಆ ಅನುಕೂಲವಿಲ್ಲ. ಐದರಿಂದ ಹತ್ತು ವರ್ಷಕ್ಕೊಮ್ಮೆ ಪೂರ್ತಿ ಸರ್ವಿಸ್‌ಗೆ ಹತ್ತಾರು ಸಾವಿರ ರೂಪಾಯಿ ಬೇರೆ.

ತಪ್ಪು ಕಲ್ಪನೆ: ಇಷ್ಟು ದುಬಾರಿ ವಾಚು ಸಮಯ ತಪ್ಪಿದರೆ ಅದು ಕೆಟ್ಟಿದೆ.

ಸತ್ಯ: ಸ್ವಿಸ್ ಕ್ರೊನೊಮೀಟರ್ ಪ್ರಮಾಣಪತ್ರವೇ ದಿನಕ್ಕೆ 4 ಸೆಕೆಂಡ್ ಹಿಂದೆ, 6 ಸೆಕೆಂಡ್ ಮುಂದೆ ಹೋಗಲು ಒಪ್ಪುತ್ತದೆ. ಎರಡು ಸಾವಿರದ ಬ್ಯಾಟರಿ ವಾಚು ಇದಕ್ಕಿಂತ ನಿಖರ. ಆಟೋಮ್ಯಾಟಿಕ್ ವಾಚನ್ನು ಎರಡು-ಮೂರು ದಿನ ಬಿಚ್ಚಿಟ್ಟರೆ ನಿಲ್ಲುವುದೂ ಸಹಜ. ಆದರೆ ದಿನಕ್ಕೆ ನಿಮಿಷಗಟ್ಟಲೆ ತಪ್ಪಿದರೆ ಸರ್ವಿಸ್ ಖರ್ಚನ್ನು ಬೆಲೆಯಿಂದ ಕಳೆದೇ ಮಾತಾಡಿ.

ಒಟ್ಟಿನಲ್ಲಿ, ಸೆಕೆಂಡ್ ಹ್ಯಾಂಡ್ ಡೈವಿಂಗ್ ವಾಚು ಕೊಳ್ಳುವುದು ತಪ್ಪಲ್ಲ. ಆಳದ ಅಂಕಿಗೆ, ಬ್ರ್ಯಾಂಡಿನ ಹೆಸರಿಗೆ ಮಾತ್ರ ದುಡ್ಡು ಕೊಡುವುದು ತಪ್ಪು. ಮಾರುವವರ ಗುರುತಿನ ಪುರಾವೆ, ಸೀರಿಯಲ್ ನಂಬರ್ ನಮೂದಿಸಿದ ಬಿಲ್, ಇತ್ತೀಚಿನ ಒತ್ತಡ ಪರೀಕ್ಷೆಯ ಫಲಿತಾಂಶ, ಸರ್ವಿಸ್ ದಾಖಲೆ, ಬ್ಯಾಂಕ್ ಮೂಲಕ ಪಾವತಿ, ಬರಹದಲ್ಲಿ ವಾಪಸಾತಿಯ ಷರತ್ತು: ಈ ಆರನ್ನು ಕೇಳಿ. ಬೆಂಗಳೂರಿನವರೆಗೆ ಒಂದು ಸಲ ಹೋಗಿಬರಬೇಕಾದರೂ ಹೋಗಿ, ವಾಚು ಬಲ್ಲವರಿಗೆ ತೋರಿಸಿ. ಇವಕ್ಕೆ ಒಪ್ಪದ ಮಾರಾಟಗಾರ ಎಷ್ಟೇ ಅಗ್ಗಕ್ಕೆ ಕೊಟ್ಟರೂ ಆ ವ್ಯವಹಾರ ಬೇಡ.