ಮೋಟಾರು ಸೈಕಲ್ಲು: ಶಿಕ್ಷಣ ಮೊದಲು, ಪರವಾನಿಗೆ ಬಳಿಕ

ಘಟ್ಟದ ಮೇಲಿನ ನಮ್ಮ ಸೀಮೆಯಲ್ಲಿ ಹೊಸ ಎತ್ತನ್ನು ಗಾಡಿಗೆ ಕಟ್ಟುವ ಮುನ್ನ ಅದನ್ನು ದಿನಗಟ್ಟಲೆ ಪಳಗಿಸುವ ವಾಡಿಕೆಯಿತ್ತು. ಈಗ ಸಿದ್ದಾಪುರ ತಾಲೂಕಿನ ನಿಲ್ಕುಂದದಂತಹ ಗ್ರಾಮಗಳಲ್ಲಿ ಮೋಟಾರು ಸೈಕಲ್ಲೇ ಮನೆಯ ಎತ್ತಾಗಿದೆ. ಡೈರಿಗೆ ಹಾಲು, ತೋಟಕ್ಕೆ ಮೈಲುತುತ್ತ, ಶಿರಸಿಯ ಆಸ್ಪತ್ರೆಗೆ ವೃದ್ಧರು, ಎಲ್ಲವೂ ಅದರ ಮೇಲೆಯೇ. ಆದರೆ ಅದನ್ನೇರುವ ತರುಣನನ್ನು ಪಳಗಿಸುವವರಾರು? ಅಣ್ಣನೋ ನೆರೆಮನೆಯವನೋ ಅಂಗಳದಲ್ಲಿ ಕ್ಲಚ್ಚು ಬಿಡುವ ಬಗೆಯನ್ನು ಅರ್ಧ ಗಂಟೆ ತೋರಿಸಿದನೆಂದರೆ ವಿದ್ಯಾಭ್ಯಾಸ ಮುಗಿಯಿತು!

ಕಾಯಿದೆಯೇನೋ ಇದೆ. 1988ರ ಮೋಟಾರು ವಾಹನ ಕಾಯಿದೆಯ ಮೇರೆಗೆ ಗೇರುಳ್ಳ ಸೈಕಲ್ಲಿಗೆ 18 ವರುಷ ತುಂಬಿರಬೇಕು. ಮೊದಲು ಆರು ತಿಂಗಳ ಅವಧಿಯ ಕಲಿಕೆಯ ಪರವಾನಿಗೆ. ಅದು ದೊರೆತು 30 ದಿನಗಳಾಗದೆ ಸವಾರಿಯ ಪರೀಕ್ಷೆಯಿಲ್ಲ. ಈ ಅವಧಿಯಲ್ಲಿ ಗಾಡಿಗೆ ಕೆಂಪು ‘ಎಲ್’ ಅಕ್ಷರವಿರಬೇಕು. ಕಲಿಸುವವನ ಹೊರತು ಮತ್ತಾರನ್ನೂ ಹಿಂದೆ ಕೂರಿಸಕೂಡದು. ಇದನ್ನು ಪಾಲಿಸುವವರನ್ನು ನಮ್ಮ ವಾಚಕರು ಎಷ್ಟು ಮಂದಿ ಕಂಡಿರುವರೋ, ಅವರೇ ಬಲ್ಲರು.

ಪರೀಕ್ಷೆಗೆಂದು ಎಂಟರ ಆಕಾರದಲ್ಲಿ ಗಾಡಿ ತಿರುಗಿಸುವುದನ್ನು ಹುಡುಗರು ಚೆನ್ನಾಗಿಯೇ ಅಭ್ಯಾಸ ಮಾಡುತ್ತಾರೆ. ದೇವಿಮನೆ ಘಟ್ಟದ ಇಳಿಜಾರು ಎಂಟರ ಆಕಾರದಲ್ಲಿಲ್ಲ. ಅಲ್ಲಿ ಪೆಟ್ರೋಲು ಉಳಿಸುವ ಆಸೆಯಿಂದ ನ್ಯೂಟ್ರಲಿನಲ್ಲಿ ಗಾಡಿಯನ್ನು ಹರಿಯಬಿಡುವವರು, ಇಂಜಿನ್ನು ತಾನಾಗಿ ನೀಡುವ ತಡೆಯನ್ನು ಕಳೆದುಕೊಳ್ಳುತ್ತಾರೆ. ಭಾರವೆಲ್ಲವೂ ಬ್ರೇಕಿನ ಮೇಲೆ ಬೀಳುತ್ತದೆ. ಮುಂದಿನ ಬ್ರೇಕನ್ನು ಮುಟ್ಟಲೇಬಾರದೆಂಬುದು ಇನ್ನೊಂದು ಭ್ರಾಂತಿ. ವೇಗ ತಗ್ಗುವಾಗ ಭಾರವು ಮುಂದಿನ ಗಾಲಿಗೆ ಸರಿಯುವುದರಿಂದ ಗಾಡಿಯನ್ನು ನಿಲ್ಲಿಸುವ ಶಕ್ತಿಯ ಹೆಚ್ಚಿನ ಪಾಲು ಅಲ್ಲಿಯೇ ಇರುವುದು. ಆದರೆ ಪಾಚಿ ಕಟ್ಟಿದ, ತರಗೆಲೆ ನೆನೆದು ಬಿದ್ದ ತಿರುವಿನಲ್ಲಿ ಅದನ್ನೇ ಬಲವಾಗಿ ಹಿಡಿದರೆ ಸವಾರನು ನೆಲ ಕಾಣುವನು. ತಿರುವಿಗೆ ಮೊದಲೇ ವೇಗ ತಗ್ಗಿಸಿ, ಕೆಳಗಿನ ಗೇರಿಗೆ ಬಂದು, ಎರಡೂ ಬ್ರೇಕುಗಳನ್ನು ಹದವಾಗಿ ಬಳಸುವುದು ಬಾಯಿಮಾತಿನಿಂದ ಬರುವ ವಿದ್ಯೆಯಲ್ಲ.

ಕೇಂದ್ರ ಸಾರಿಗೆ ಇಲಾಖೆಯ ಲೆಕ್ಕದಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ ಮಡಿದ 1,68,491 ಜನರಲ್ಲಿ 74,897 ಮಂದಿ ದ್ವಿಚಕ್ರ ವಾಹನದವರು. ಶಿರಸ್ತ್ರಾಣ ಧರಿಸದೆ ಸತ್ತವರು ಐವತ್ತು ಸಾವಿರಕ್ಕೂ ಮಿಕ್ಕಿ. ಪರರ ಆಳ್ವಿಕೆಯನ್ನು ತೊಲಗಿಸಿದ ನಾಡು ತನ್ನ ತರುಣರನ್ನು ಹೀಗೆ ದಾರಿಯಲ್ಲಿ ಚೆಲ್ಲುವುದೇ?

ಬ್ರಿಟನ್ನಿನಲ್ಲಿ 1990ರಿಂದ ಹೊಸ ಸವಾರನು ಮೊದಲು ಬಯಲಿನಲ್ಲಿ, ಬಳಿಕ ಶಿಕ್ಷಕನೊಡನೆ ರಸ್ತೆಯಲ್ಲಿ, ಮೂಲಶಿಕ್ಷಣ ಪಡೆಯದೆ ಒಬ್ಬನೇ ರಸ್ತೆಗಿಳಿಯುವಂತಿಲ್ಲ. ಆಂಗ್ಲರಿಂದ ಬೇಡದ್ದನ್ನೆಲ್ಲ ಕಲಿತ ನಮಗೆ ಇದೊಂದನ್ನು ಕಲಿಯಲು ನಾಚಿಕೆಯೇಕೆ?

ತಂದೆತಾಯಿಗಳಿಗೂ ಒಂದು ಮಾತು. ಹದಿನಾಲ್ಕರ ಮಗನು ಹಾಲಿನ ಕ್ಯಾನು ಹೇರಿಕೊಂಡು ಹೊರಟರೆ ಕೆಲವರಿಗೆ ಅದೇ ಹೆಮ್ಮೆ. 2019ರ ತಿದ್ದುಪಡಿಯಂತೆ ಅಪ್ರಾಪ್ತನ ಅಪರಾಧಕ್ಕೆ ಪೋಷಕನಿಗೆ ಅಥವಾ ಗಾಡಿಯ ಒಡೆಯನಿಗೆ ಮೂರು ವರುಷದವರೆಗೆ ಸೆರೆ, 25,000 ರೂಪಾಯಿ ದಂಡ. ಗಾಡಿಯ ನೋಂದಣಿ ಹನ್ನೆರಡು ತಿಂಗಳು ರದ್ದು. ಹುಡುಗನಿಗೆ 25 ವರುಷ ತುಂಬುವ ತನಕ ಪರವಾನಿಗೆಯಿಲ್ಲ.

ನಾವು ಬೇಡುವುದು ದೊಡ್ಡದೇನಲ್ಲ. ಮಳೆ ಹಿಡಿಯುವ ಮುನ್ನ, ಶಾಲೆಗಳಿಗೆ ರಜೆಯಿರುವ ವೈಶಾಖದಲ್ಲಿ, ಗ್ರಾಮ ಪಂಚಾಯಿತಿಗಳು ಶಾಲೆಯ ಬಯಲನ್ನು ನಾಲ್ಕು ದಿನ ಬಿಟ್ಟುಕೊಡಲಿ. ಶಿರಸಿಯ ಸಾರಿಗೆ ಕಛೇರಿಯು ಒಬ್ಬ ನಿರೀಕ್ಷಕರನ್ನು ಕಳುಹಿಸಲಿ. ಕಲಿಸಲು ನಿವೃತ್ತ ಸೈನಿಕರೂ ಬಸ್ಸಿನ ಚಾಲಕರೂ ನಮ್ಮ ಊರುಗಳಲ್ಲಿಯೇ ಇದ್ದಾರೆ. ಬಯಲಿಗೆ ಒಂದು ಕೊಡ ನೀರು ಚೆಲ್ಲಿ, ಒದ್ದೆ ನೆಲದಲ್ಲಿ ಬ್ರೇಕು ಹಿಡಿಯುವುದನ್ನೇ ಅವರು ಮೊದಲ ಪಾಠವಾಗಿಡಲಿ.