ನೀರು ಸೋಸುವ ಚಿಪ್ಪು: ಅಳಿವೆಯಿಂದ ಸೋಸಲೆಯವರೆಗೆ

ಬೇಸಿಗೆಯಲ್ಲಿ ನೀರಿಳಿದಾಗ ಕಾವೇರಿ, ಕಪಿಲಾ ದಡದ ಮರಳಿನಲ್ಲಿ ಕಪ್ಪೆಚಿಪ್ಪುಗಳನ್ನು ನೀವು ಕಂಡೇ ಇರುತ್ತೀರಿ. ಅದರೊಳಗಿನ ಜೀವಿ ಹೊಳೆಯ ನೀರನ್ನು ಸೋಸುವ ಕೆಲಸಗಾರ. ಅದರ ಬಂಧುಗಳು ಕಡಲಂಚಿನಲ್ಲಿ ಮಾಡುವ ಉಪಕಾರವನ್ನೂ, ಹವಾಮಾನ ಬದಲಾದಂತೆ ಅವಕ್ಕೆ ಒದಗಿರುವ ಕಷ್ಟವನ್ನೂ ತಿಳಿದರೆ ನಮ್ಮ ಹೊಳೆಯ ಬೆಲೆ ಅರಿವಾಗುತ್ತದೆ.

ಶಿರಸಿಯ ಬಳಿ ಹುಟ್ಟುವ ಅಘನಾಶಿನಿ ನದಿ ಕುಮಟಾ ತಾಲೂಕಿನ ತದಡಿಯ ಹತ್ತಿರ ಅರಬ್ಬೀ ಸಮುದ್ರವನ್ನು ಸೇರುತ್ತದೆ. ಅಲ್ಲಿನ ಅಳಿವೆಯಲ್ಲಿ ದಿನಕ್ಕೆ ಎರಡು ಸಲ ಕಡಲ ನೀರು ಏರಿ ಇಳಿಯುತ್ತದೆ. ಉಪ್ಪುನೀರು, ಸಿಹಿನೀರು ಬೆರೆಯುವ ಆ ಕೆಸರು ಮರಳಿನಲ್ಲಿ ಬಳಚು ಹಾಸುಹಾಸಾಗಿ ಬೆಳೆಯುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯವರು 2008ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಅಲ್ಲಿ ವರ್ಷಕ್ಕೆ ಸುಮಾರು 22 ಸಾವಿರ ಟನ್ ಚಿಪ್ಪುಜೀವಿ ಸಿಗುತ್ತಿತ್ತು. ಎರಡು ಸಾವಿರಕ್ಕೂ ಹೆಚ್ಚು ಜನ ಅದನ್ನು ನಂಬಿದ್ದರು. 2024ರಲ್ಲಿ ಈ ಅಳಿವೆ ರಾಮ್ಸಾರ್ ಪಟ್ಟಿಗೆ ಸೇರಿತು. ಅಲ್ಲಿನ ಗಜನಿ ಗದ್ದೆಗಳಲ್ಲಿ ಉಪ್ಪು ತಾಳುವ ಕಗ್ಗ ಭತ್ತ ಬೆಳೆಯುವ ರೈತರೂ ಇದ್ದಾರೆ.

ಹಾಸಿನ ಕೆಲಸವೇನು?

ಬಳಚು ನೀರನ್ನು ಒಳಗೆಳೆದು, ಪಾಚಿಕಣಗಳನ್ನು ತಿಂದು, ತಿಳಿನೀರನ್ನು ಹೊರಬಿಡುತ್ತದೆ. ಬೇಡದ ಕಣಗಳು ಅಂಟಾಗಿ ತಳಕ್ಕೆ ಬಿದ್ದು ಹುಳುಗಳಿಗೂ ಏಡಿಗಳಿಗೂ ಆಹಾರವಾಗುತ್ತವೆ. ಅವನ್ನು ತಿನ್ನಲು ಮೀನು, ಹಕ್ಕಿ ಬರುತ್ತವೆ. ಒಂದಕ್ಕೊಂದು ಅಂಟಿ ಬೆಳೆಯುವ ಸಿಂಪಿಯ ಹಾಸು ಅಲೆಯ ಹೊಡೆತ ತಗ್ಗಿಸಿ, ಬದುವಿನಂತೆ ಮಣ್ಣನ್ನು ಹಿಡಿಯುತ್ತದೆ.

ಕಷ್ಟ ಎಲ್ಲಿಂದ?

ಒಮ್ಮೆಲೇ ಭಾರಿ ಮಳೆ ಸುರಿದರೆ ಅಳಿವೆಯ ಉಪ್ಪಿನಂಶ ಕುಸಿದು ಬಳಚು ಸಾಯುತ್ತದೆ. ಬಿಸಿಲು ಹೆಚ್ಚಿದರೆ ಇಳಿತದ ವೇಳೆ ಬಯಲಾಗುವ ಹಾಸು ಬೇಯುತ್ತದೆ. ಗಾಳಿಯಲ್ಲಿ ಹೆಚ್ಚಿದ ಇಂಗಾಲಾಮ್ಲ ಕಡಲಿನಲ್ಲಿ ಕರಗಿ ನೀರಿನ ಹುಳಿ ಗುಣ ಹೆಚ್ಚಾಗುತ್ತಿದೆ. ಚಿಪ್ಪು ಸುಣ್ಣದಿಂದಾದದ್ದು, ಎಳೆಮರಿ ಇಂಥ ನೀರಿನಲ್ಲಿ ಚಿಪ್ಪು ಕಟ್ಟಲು ಪ್ರಯಾಸಪಡುತ್ತದೆ. 1901ರಿಂದ 2018ರವರೆಗೆ ಜಗತ್ತಿನ ಕಡಲಮಟ್ಟ ಸರಾಸರಿ 20 ಸೆಂಟಿಮೀಟರ್ ಏರಿದೆ.

ಇದರ ಮೇಲೆ ಮನುಷ್ಯನ ಆಸೆಯೂ ಸೇರಿದರೆ ಹಾಸು ಉಳಿಯದು. ಕೇರಳದ ಅಷ್ಟಮುಡಿ ಕಾಯಲಿನಲ್ಲಿ ಬಳಚು ಕಡಿಮೆಯಾದಾಗ, ಮರಿಯಿಡುವ ಕಾಲವಾದ ಡಿಸೆಂಬರಿನಿಂದ ಫೆಬ್ರವರಿವರೆಗೆ ಆಯುವುದನ್ನು ನಿಲ್ಲಿಸಿ, ಎಳೆಯದನ್ನು ತೆಗೆಯದಂತೆ ಬಲೆಯ ಕಣ್ಣಿನ ಅಳತೆ ಗೊತ್ತುಮಾಡಿದರು. ಇಳುವರಿ ಚೇತರಿಸಿತು, 2014ರಲ್ಲಿ ಅಂತರರಾಷ್ಟ್ರೀಯ ಮಾನ್ಯತೆಯೂ ದೊರೆಯಿತು. ಬೀಜದ ಭತ್ತವನ್ನು ಉಣ್ಣಬಾರದೆಂಬ ನಮ್ಮ ಹಿರಿಯರ ಬುದ್ಧಿಯೇ ಇದು.

ನಾವು ಮಾಡಬೇಕಾದ್ದು

ನಮ್ಮ ಹೊಳೆಯ ಕಪ್ಪೆಚಿಪ್ಪಿನ ಮರಿ ಕೆಲವು ದಿನ ಮೀನಿನ ಕಿವಿರಿಗೆ ಅಂಟಿಕೊಂಡು ಬೆಳೆದು, ಆಮೇಲೆ ಮರಳಿಗೆ ಇಳಿಯುತ್ತದೆ. ಆದ್ದರಿಂದ ಮೀನು, ಮರಳು, ಶುದ್ಧ ನೀರು ಮೂರೂ ಅದಕ್ಕೆ ಬೇಕು.

1. ಸಿಂಪರಣಾ ಯಂತ್ರವನ್ನು ಹೊಳೆ, ನಾಲೆಗಳಲ್ಲಿ ತೊಳೆಯಬೇಡಿ.

2. ಮಣ್ಣು ಪರೀಕ್ಷೆ ಮಾಡಿಸಿ, ಯೂರಿಯಾವನ್ನು ಕಂತುಗಳಲ್ಲಿ ಕೊಡಿ. ಗೊಬ್ಬರ, ಔಷಧಿ ಹಾಕಿದ ಕೂಡಲೇ ಗದ್ದೆಯ ನೀರನ್ನು ಹೊರಬಿಡಬೇಡಿ.

3. ಹೊಳೆಯಂಚಿನಲ್ಲಿ ಹುಲ್ಲಿನ ಪಟ್ಟಿ ಉಳಿಸಿ.

4. ವಿಷ ಹಾಕಿ ಮೀನು ಹಿಡಿಯುವುದನ್ನೂ, ತಳ ಬಗೆದು ಮರಳು ತೆಗೆಯುವುದನ್ನೂ ಊರವರು ಸೇರಿ ತಡೆಯಿರಿ.

ಮಳೆಯನ್ನೂ ಬಿಸಿಲನ್ನೂ ಒಬ್ಬ ರೈತ ತಡೆಯಲಾರ. ಗದ್ದೆಯಿಂದ ಹೊಳೆಗೆ ಇಳಿಯುವ ನೀರು ಮಾತ್ರ ನಿಮ್ಮ ಕೈಯಲ್ಲೇ ಇದೆ.