ಅಪ್ಪನ ಎರಡು ಕೊಲೊನೋಸ್ಕೋಪಿ

ಹೋದ ಸೆಮಿಸ್ಟರ್ ರಜೆಯಲ್ಲಿ ಅಪ್ಪನಿಗೆ ಕೊಲೊನೋಸ್ಕೋಪಿ ಆಯ್ತು. ಒಂದಲ್ಲ, ಎರಡು ಸಲ. ಮೊದಲ ಸಲ ದೊಡ್ಡ ಕರುಳಿನ ಬಲಭಾಗ ಕ್ಲೀನ್ ಆಗಿರಲಿಲ್ಲ. "ಏನೂ ಕಾಣ್ತಿಲ್ಲ, ಇನ್ನೊಂದು ದಿನ ಬನ್ನಿ" ಅಂದ್ರು ಡಾಕ್ಟರ್. ಔಷಧಿ ಒಂದು ತೊಟ್ಟೂ ಬಿಡದೆ ಕುಡಿದಿದ್ರಲ್ಲ, ಮತ್ಯಾಕೆ ಹೀಗೆ ಅಂತ ಓದೋಕೆ ಕೂತೆ.

ಕರುಳು ತೊಳೆಯೋದರ ಹಿಂದೆ ಇರೋದು ಪಿಯುಸಿಯಲ್ಲಿ ಓದಿದ ಆಸ್ಮಾಸಿಸ್ಸೇ. ಹೆಚ್ಚು ಬಳಕೆಯಲ್ಲಿರೋದು ಪಾಲಿಎಥಿಲೀನ್ ಗ್ಲೈಕಾಲ್, ಅಂದ್ರೆ ಪೆಗ್ (ನೀವಂದುಕೊಂಡ ಪೆಗ್ ಅಲ್ಲ!). ಇದರ ಅಣು ದೊಡ್ಡದು, ಕರುಳು ಹೀರಿಕೊಳ್ಳಲ್ಲ. ಜೊತೆಗೆ ಲವಣಗಳನ್ನು ಸೇರಿಸಿ ದ್ರಾವಣದ ಸಾಂದ್ರತೆಯನ್ನು ರಕ್ತದ ಮಟ್ಟಕ್ಕೆ ತಂದಿರ್ತಾರೆ. ಹಾಗಾಗಿ ಅದು ದೇಹದಿಂದ ನೀರು ಎಳೆಯಲ್ಲ, ಕೊಡೋದೂ ಇಲ್ಲ. ಪೈಪ್ ತೊಳೆದ ಹಾಗೆ ಹೊರಟುಹೋಗುತ್ತೆ. 1980ರಲ್ಲಿ ಅಮೆರಿಕದಲ್ಲಿ ರೂಪಿಸಿದ ಮೂಲ ವಿಧಾನದಲ್ಲಿ 4 ಲೀಟರ್ ಕುಡಿಯಬೇಕು. ಉಪ್ಪುಪ್ಪು ರುಚಿ, ಮೂರನೇ ಲೀಟರಿಗೇ ಸಾಕಪ್ಪ ಅನ್ನಿಸುತ್ತೆ. ವಿಟಮಿನ್ ಸಿ ಬೆರೆಸಿದ 2 ಲೀಟರಿನದ್ದೂ ಈಗ ಇದೆ, ಆದ್ರೆ ಮೇಲೆ ನೀರು ಕುಡೀಲೇಬೇಕು.

ಸೋಡಿಯಂ ಪಿಕೋಸಲ್ಫೇಟ್ ಮತ್ತು ಮೆಗ್ನೀಷಿಯಂ ಸಿಟ್ರೇಟ್ ಪುಡಿ ಕುಡಿಯೋಕೆ ಸುಲಭ, ಅಳತೆಯೂ ಕಡಿಮೆ. ಆದರೆ ಅದು ದೇಹದ ನೀರನ್ನೇ ಎಳೆಯುತ್ತೆ, ಕಿಡ್ನಿ ತೊಂದರೆ ಜಾಸ್ತಿ ಇರೋರಿಗೆ ಆಗಲ್ಲ. ಸೋಡಿಯಂ ಫಾಸ್ಫೇಟ್ ಇನ್ನೂ ಸುಲಭವಾಗಿತ್ತು. ಫಾಸ್ಫೇಟ್ ಹರಳುಗಟ್ಟಿ ಕಿಡ್ನಿ ಕೆಡಿಸುತ್ತೆ ಅಂತ 2008ರಲ್ಲಿ ಅಮೆರಿಕದ ಎಫ್‌ಡಿಎ ಕಟ್ಟುನಿಟ್ಟಿನ ಎಚ್ಚರಿಕೆ ಕೊಟ್ಟಿತು. ಮ್ಯಾನಿಟಾಲ್ ಕಥೆ ಇನ್ನೂ ವಿಚಿತ್ರ. ಬ್ಯಾಕ್ಟೀರಿಯಾ ಅದನ್ನು ತಿಂದು ಹೈಡ್ರೋಜನ್ ಬಿಡುತ್ತವೆ. ಗಂಟನ್ನು ವಿದ್ಯುತ್ ತಂತಿಯಿಂದ ಕತ್ತರಿಸುವಾಗ ಕಿಡಿ ತಾಗಿ ಕರುಳೊಳಗೇ ಸ್ಫೋಟ ಆದದ್ದುಂಟು.

ಆದರೆ ಅಪ್ಪನ ವಿಷಯದಲ್ಲಿ ತಪ್ಪಿದ್ದು ಔಷಧಿಯಲ್ಲ, ಟೈಮಿಂಗ್. ಬೆಳಿಗ್ಗೆ 11ಕ್ಕೆ ಟೆಸ್ಟ್ ಇದ್ರೂ ಹಿಂದಿನ ಸಂಜೆಯೇ ಅಷ್ಟನ್ನೂ ಕುಡಿದು ಮುಗಿಸಿದ್ರು. ರಾತ್ರಿಯೆಲ್ಲ ಸಣ್ಣ ಕರುಳಿನಿಂದ ಪಿತ್ತರಸ, ಲೋಳೆ ಇಳೀತಾನೇ ಇರುತ್ತೆ. ಅದು ಮೊದಲು ಬಂದು ಮೆತ್ತಿಕೊಳ್ಳೋದು ಬಲಭಾಗಕ್ಕೇ. ಅದಕ್ಕೇ ಈಗ ಅರ್ಧ ಹಿಂದಿನ ಸಂಜೆ, ಇನ್ನರ್ಧ ಟೆಸ್ಟಿಗೆ 4ರಿಂದ 6 ಗಂಟೆ ಮುಂಚೆ ಶುರುಮಾಡಿ, ಕನಿಷ್ಠ 2 ಗಂಟೆ ಮುಂಚೆ ಮುಗಿಸಬೇಕು ಅಂತಾರೆ. ಸ್ವಚ್ಛತೆಗೆ ಬಾಸ್ಟನ್ ಸ್ಕೇಲ್ ಅಂತ ಮಾರ್ಕ್ಸೂ ಇದೆ: ಕರುಳಿನ ಮೂರು ಭಾಗಕ್ಕೆ ತಲಾ 3, ಒಟ್ಟು 9. ನಮ್ಮ ಇಂಟರ್ನಲ್ಸ್ ಥರಾನೇ, ಟೋಟಲ್ ಚೆನ್ನಾಗಿದ್ರೆ ಸಾಲದು. ಪ್ರತಿ ಭಾಗದಲ್ಲೂ 2 ಬರಬೇಕು.

ಎರಡನೇ ಸಲ ಅದೇ ಪೆಗ್. ಡಾಕ್ಟರನ್ನು ಕೇಳಿಕೊಂಡು ಬೆಳಗಿನ ಜಾವ 5:30ಕ್ಕೆ ನಾನೇ ಎಬ್ಬಿಸಿ ಲೋಟ ಲೋಟ ಕೊಟ್ಟೆ, ಬೈಸಿಕೊಂಡೆ. ಬಲಭಾಗದಲ್ಲಿ ಒಂದು ಸಣ್ಣ ಗಂಟು ಸಿಕ್ತು. ಅಲ್ಲೇ ತೆಗೆದ್ರು.